ಸ್ನೋ ಸಲಿಕೆ ಕೈಕೊಟ್ಟಾಗ ಎಲ್ಲಿ ನೋಡಬೇಕು, ಏನು ಬದಲಾಯಿಸಬೇಕು

ನಾವಿರುವುದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೋ ಊರಿನ ದಕ್ಷಿಣಕ್ಕೆ, ಈರಿ ಸರೋವರದ ಕಡೆ. ಚಳಿಗಾಲ ಶುರುವಾಗುವ ಹೊತ್ತಿಗೆ ಸರೋವರದ ನೀರು ಇನ್ನೂ ಅಷ್ಟಿಷ್ಟು ಬೆಚ್ಚಗಿರುತ್ತದೆ. ಅದರ ಮೇಲೆ ಕೊರೆಯುವ ಗಾಳಿ ಹಾದು ಬಂದರೆ ದಾರಿಯುದ್ದಕ್ಕೂ ತೇವ ಹೀರಿಕೊಳ್ಳುತ್ತದೆ. ದಡ ಮುಟ್ಟಿದ ಮೇಲೆ ಅಷ್ಟನ್ನೂ ಹಿಮವಾಗಿ ಸುರಿಯುತ್ತದೆ. 2022ರ ನವೆಂಬರ್‌ನಲ್ಲಿ ಆರ್ಚರ್ಡ್ ಪಾರ್ಕ್ ಕಡೆ ಕೆಲವೇ ದಿನಗಳಲ್ಲಿ 80 ಇಂಚಿನಷ್ಟು ಬಿತ್ತು. ಆಳೆತ್ತರಕ್ಕಿಂತ ಜಾಸ್ತಿ.

ಆ ಹಿಮದಲ್ಲೇ ನನ್ನ ಸಲಿಕೆ ಮುರಿದದ್ದು. ರಸ್ತೆಯ ಹಿಮವನ್ನು ಬದಿಗೆ ತಳ್ಳುವ ಪ್ಲೋ ಗಾಡಿ ಹೋದ ಮೇಲೆ ಡ್ರೈವ್‌ವೇ, ಅಂದರೆ ಮನೆಯಿಂದ ರಸ್ತೆಗೆ ಕಾರು ಇಳಿಯುವ ದಾರಿಯ ಬಾಯಿಗೆ ಅಡ್ಡಲಾಗಿ ಹಿಮದ ಒಂದು ದಿಬ್ಬ ನಿಂತಿತ್ತು. ಸಲಿಕೆಯನ್ನು ಅದರೊಳಗೆ ಒದ್ದು ತೂರಿಸಿ, ಹಿಡಿಯನ್ನು ಕೆಳಗೆ ಒತ್ತಿದೆ. ಟಪ್ ಅಂತ ಒಂದು ಸದ್ದು. ಕಾವು ನನ್ನ ಕೈಯಲ್ಲಿ, ಅಲಗು ದಿಬ್ಬದಲ್ಲಿ.

ಮುರಿದ ತುಂಡನ್ನು ಒಳಗೆ ತಂದು ಅಡುಗೆಮನೆಯ ದೀಪದ ಕೆಳಗೆ ಹಿಡಿದು ನೋಡಿದೆ. ಎಡಗಡೆ ಸ್ಕ್ರೂ ತೂತಿನಿಂದ ಬಿರುಕು ಹೊರಟಿತ್ತು. ಅದರ ಮೊದಲ ಅರ್ಧ ಇಂಚು ಕೊಳೆ ಕೂತು ಕಪ್ಪಾಗಿತ್ತು. ಮುಂದಿನದೆಲ್ಲ ಬೆಳ್ಳಗೆ, ಹೊಸದಾಗಿ ಒಡೆದದ್ದು. ಅಂದರೆ ಬಿರುಕು ಅವತ್ತಿನದಲ್ಲ. ಬಹಳ ದಿನದಿಂದ ಅಲ್ಲೇ ಇತ್ತು, ನಾನು ನೋಡಿರಲಿಲ್ಲ.

ಆಮೇಲೆ ಅಕ್ಕಪಕ್ಕದವರ ಮುರಿದ ಸಲಿಕೆಗಳನ್ನೂ ಕೇಳಿ ತಂದು ನೋಡಿದೆ. ಬೇರೆ ಬೇರೆ ದೂರು, ಆದರೆ ಹೆಚ್ಚಿನವಕ್ಕೆ ಬೇರು ಒಂದೇ. ಒಂದೇ ಸಲಿಕೆಯಿಂದ ನಾವು ಮೂರು ಕೆಲಸ ಮಾಡಿಸುತ್ತೇವೆ: ತಳ್ಳುವುದು, ಎತ್ತುವುದು, ಮೀಟುವುದು. ಮೂರಕ್ಕೂ ಬೇಕಾದ ಆಕಾರ ಬೇರೆ, ಗಟ್ಟಿತನ ಬೇರೆ. ನಿಮ್ಮ ಸಲಿಕೆ ಯಾವ ಕೆಲಸದಲ್ಲಿ ಸೋಲುತ್ತಿದೆ ಅನ್ನುವುದನ್ನು ಮೊದಲು ಹಿಡಿಯಬೇಕು. ರಿಪೇರಿಯೋ ಹೊಸದೋ ಅನ್ನುವುದು ಆಮೇಲಿನ ಮಾತು.

ಮೊದಲು ಹಿಮವನ್ನೇ ತೂಗಿ

ಸಲಿಕೆ ಸರಿ ಇಲ್ಲ ಅಂತ ಬೈಯುವ ಮುಂಚೆ ಅದಕ್ಕೆ ಎಷ್ಟು ಭಾರ ಹೊರಿಸಿದ್ದೀರಿ ಅಂತ ತಿಳಿಯಬೇಕು, ಅಲ್ವಾ? ಊರಿಗೆ ಹೊರಡುವಾಗ ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ ನಮ್ಮೆಲ್ಲರ ಮನೆಯಲ್ಲೂ ಇದ್ದೇ ಇರುತ್ತದೆ. ಒಂದು 10 ಲೀಟರ್ ಬಕೆಟ್‌ಗೆ ಹಿಮವನ್ನು ಅದುಮದೆ ತುಂಬಿ. ತಕ್ಕಡಿಗೆ ನೇತುಹಾಕಿ. ಬಕೆಟ್ ತೂಕ ಕಳೆಯಿರಿ.

1 ಕಿಲೋ ಅಥವಾ ಅದಕ್ಕೂ ಕಡಿಮೆ ಬಂದರೆ ಅದು ಒಣ ಹಿಮ. ಊದಿದರೆ ಹಾರುತ್ತದೆ. 3 ಕಿಲೋ ಬಂದರೆ ಹಸಿ ಹಿಮ, ಉಂಡೆ ಕಟ್ಟಲು ಬರುವಂಥದ್ದು. ಪ್ಲೋ ದಿಬ್ಬದಿಂದ ತುಂಬಿದರೆ 5 ಕಿಲೋ ಬಂದರೂ ಆಶ್ಚರ್ಯವಿಲ್ಲ. ಅದರಲ್ಲಿ ನೀರೂ ಇದೆ, ಐಸ್ ಗಟ್ಟಿಯೂ ಇದೆ.

ಈಗ ಲೆಕ್ಕ ಹಾಕಿ. ಸಾಮಾನ್ಯ ಸಲಿಕೆಯ ಅಲಗು ಸುಮಾರು 45 ಸೆಂ.ಮೀ. ಅಗಲ, 35 ಸೆಂ.ಮೀ. ಉದ್ದ. 12 ಸೆಂ.ಮೀ. ಎತ್ತರಕ್ಕೆ ತುಂಬಿದರೆ 19 ಲೀಟರ್ ಹಿಡಿಯುತ್ತದೆ. ಒಣ ಹಿಮವಾದರೆ 2 ಕಿಲೋ. ಹಸಿಯಾದರೆ 6 ಕಿಲೋ ಹತ್ತಿರ. ದಿಬ್ಬದ್ದಾದರೆ 9 ಕಿಲೋ ದಾಟುತ್ತದೆ. ಅದೇ ಸಲಿಕೆ, ಅದೇ ಕೈ, ಭಾರ ಮಾತ್ರ ಸುಮಾರು ಐದು ಪಟ್ಟು. 12 ಮೀಟರ್ ಉದ್ದ, 5 ಮೀಟರ್ ಅಗಲದ ಡ್ರೈವ್‌ವೇ ಮೇಲೆ 20 ಸೆಂ.ಮೀ. ಹಸಿ ಹಿಮ ಬಿದ್ದರೆ ಒಟ್ಟು 3,600 ಕಿಲೋ. 6 ಕಿಲೋದಂತೆ ಎತ್ತಿದರೆ 600 ಸಲ ಬಗ್ಗಿ ಏಳಬೇಕು.

ಈ ತೂಕವನ್ನು ಗ್ಯಾರೇಜ್ ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆದಿಡುತ್ತೇನೆ. ಸಲಿಕೆ ಕೈಕೊಟ್ಟ ದಿನದ ಪಕ್ಕದಲ್ಲಿ ಅವತ್ತಿನ ಬಕೆಟ್ ತೂಕ. ಎರಡು ಚಳಿಗಾಲ ಬರೆದ ಮೇಲೆ ಅಲಗು ಒಡೆದದ್ದು, ಸ್ಕ್ರೂ ಸಡಿಲವಾದದ್ದು ಎಲ್ಲವೂ 3 ಕಿಲೋ ದಾಟಿದ ದಿನಗಳಲ್ಲೇ ಅಂತ ಕಾಣಿಸಿತು.

ದೂರು: ಕಾವು ಅಲಗು ಸೇರುವ ಕತ್ತಿನಲ್ಲಿ ಅಲ್ಲಾಡುತ್ತದೆ, ಬಿರುಕು ಬಿಡುತ್ತದೆ, ಮುರಿಯುತ್ತದೆ

ಇದೇ ದೊಡ್ಡ ರೋಗ. ಹಾಗಾಗಿ ಸ್ವಲ್ಪ ಜಾಸ್ತಿ ಹೊತ್ತು ಇಲ್ಲಿ ನಿಲ್ಲೋಣ.

ಪರೀಕ್ಷೆ ಸುಲಭ. ಅಲಗನ್ನು ನೆಲದ ಮೇಲೆ ಕಾಲಿನಿಂದ ಮೆಟ್ಟಿ ಹಿಡಿಯಿರಿ. ಕಾವಿನ ತುದಿಯನ್ನು ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ಮೆಲ್ಲಗೆ ಅಲ್ಲಾಡಿಸಿ. ಕತ್ತಿನ ಹತ್ತಿರ ಕಿರ್ ಅನ್ನುವ ಸದ್ದು ಬಂದರೆ ಅಥವಾ ಕೂದಲೆಳೆಯಷ್ಟು ಸಂದು ಬಿಟ್ಟು ಮುಚ್ಚಿದರೆ ರೋಗ ಶುರುವಾಗಿದೆ. ಇನ್ನೊಂದು: ಸ್ಕ್ರೂ ತೂತಿನ ಸುತ್ತ ಪ್ಲಾಸ್ಟಿಕ್ ಬಿಳಿಚಿಕೊಂಡಿದೆಯಾ ನೋಡಿ. ಬಿಳಿಚಿದ ಕಡೆ ಪ್ಲಾಸ್ಟಿಕ್ ಒಳಗೊಳಗೇ ಎಳೆದುಕೊಂಡಿದೆ ಅಂತ ಅರ್ಥ. ಮುಂದಿನ ಬಿರುಕು ಅಲ್ಲಿಂದಲೇ.

ಯಾಕೆ ಕತ್ತೇ ಮುರಿಯಬೇಕು? ಸಲಿಕೆಯನ್ನು ದಿಬ್ಬದೊಳಗೆ ತೂರಿಸಿ ಹಿಡಿಯನ್ನು ಒತ್ತುವಾಗ ಅದು ಸಲಿಕೆಯಾಗಿ ಉಳಿಯುವುದಿಲ್ಲ, ಹಾರೆಯಾಗುತ್ತದೆ. ಹಿಡಿಯ ಮೇಲೆ ನೀವು 15 ಕಿಲೋದಷ್ಟು ಬಲ ಹಾಕಿದಿರಿ ಅನ್ನಿ. ಹಿಡಿಯಿಂದ ಕತ್ತಿಗೆ ಒಂದು ಮೀಟರ್ ದೂರ. ಕಾವು ಅಲಗಿನ ಕೊಳವೆಯೊಳಗೆ ಬರೀ 10 ಸೆಂ.ಮೀ. ಇಳಿದಿದ್ದರೆ, ಆ ಕೊಳವೆಯ ಎರಡೂ ತುದಿಯಲ್ಲಿ ಬೀಳುವ ಬಲ ಹತ್ತು ಪಟ್ಟು: 150 ಕಿಲೋ. ಬರೀ 5 ಸೆಂ.ಮೀ. ಇಳಿದಿದ್ದರೆ 300 ಕಿಲೋ. ಅಷ್ಟನ್ನೂ ಎರಡು ಚಿಕ್ಕ ಸ್ಕ್ರೂ ಮತ್ತು ಅವುಗಳ ಸುತ್ತಲಿನ ತೆಳು ಪ್ಲಾಸ್ಟಿಕ್ ತಡೆಯಬೇಕು.

ಇದಕ್ಕೆ ಚಳಿ ಸೇರಿಕೊಳ್ಳುತ್ತದೆ. ಅಲಗಿನ ಹಿಂಬದಿ ತಿರುಗಿಸಿ ನೋಡಿ. ಚಿಕ್ಕ ತ್ರಿಕೋನದೊಳಗೆ ಒಂದು ಅಂಕಿ ಇರಬಹುದು. ಅದು ಪ್ಲಾಸ್ಟಿಕ್‌ನ ಬಗೆ ಹೇಳುತ್ತದೆ. 5 ಇದ್ದರೆ ಪಾಲಿಪ್ರೊಪಿಲೀನ್. ಇದು ಬೇಸಿಗೆಯಲ್ಲಿ ಬಾಗುತ್ತದೆ, ಬಳುಕುತ್ತದೆ. ಸೊನ್ನೆ ಡಿಗ್ರಿಯ ಆಸುಪಾಸಿಗೆ ಇಳಿದ ಮೇಲೆ ಪೆಡಸಾಗುತ್ತಾ ಹೋಗುತ್ತದೆ. ಇನ್ನೂ ಚಳಿ ಏರಿದರೆ ಪೆಟ್ಟು ಬಿದ್ದಾಗ ಹಪ್ಪಳದಂತೆ ಒಡೆಯಬಹುದು. ಚಳಿ ತಡೆಯಲೆಂದೇ ರಬ್ಬರ್‌ನಂಥ ವಸ್ತು ಬೆರೆಸಿದ ಬಗೆಯೂ ಇದೆ, ಅದು ವಾಸಿ. 2 ಅಂತಿದ್ದರೆ ಎಚ್‌ಡಿಪಿಇ ಅನ್ನುವ ಇನ್ನೊಂದು ಪ್ಲಾಸ್ಟಿಕ್. ಅದು ಎಷ್ಟೇ ಚಳಿಯಲ್ಲೂ ಬಗ್ಗುವ ಗುಣ ಬಿಡುವುದಿಲ್ಲ, ಆದರೆ ಮೆತ್ತಗೆ, ಅಂಚು ಬೇಗ ಸವೆಯುತ್ತದೆ. ಅಲ್ಯೂಮಿನಿಯಂಗೆ ಚಳಿಯಲ್ಲಿ ಪೆಡಸಾಗುವ ಕಾಟವೇ ಇಲ್ಲ.

ಒಂದು ಮಾತು ನಮ್ಮ ಊರಿನಿಂದ ಹೇಳಬೇಕು. ತೀರ್ಥಹಳ್ಳಿ ಕಡೆ ನಮ್ಮಜ್ಜ ಪಿಕಾಸಿಗೆ ಕಾವು ಹಾಕುತ್ತಿದ್ದುದನ್ನು ನೋಡಿ ಬೆಳೆದವನು ನಾನು. ಕಾವಿನ ಒಂದು ತುದಿ ದಪ್ಪ. ತೆಳುವಾದ ತುದಿಯನ್ನು ಪಿಕಾಸಿಯ ಕಣ್ಣಿನೊಳಗೆ ಮೇಲಿನಿಂದ ಇಳಿಸಿ, ದಪ್ಪ ತುದಿಯನ್ನು ನೆಲಕ್ಕೆ ಕುಟ್ಟಿದರೆ ಮುಗಿಯಿತು. ಸ್ಕ್ರೂ ಇಲ್ಲ, ಮೊಳೆ ಇಲ್ಲ. ಬೀಸಿದಷ್ಟೂ ಕಬ್ಬಿಣ ದಪ್ಪ ತುದಿಯ ಕಡೆಗೇ ಜಾರಿ ಬಿಗಿಯಾಗುತ್ತಾ ಹೋಗುತ್ತದೆ. ಸ್ನೋ ಸಲಿಕೆಯ ಜೋಡಣೆ ಇದಕ್ಕೆ ತದ್ವಿರುದ್ಧ. ಬಳಸಿದಷ್ಟೂ ಸಡಿಲವಾಗುತ್ತದೆ. ಈ ಸಲಿಕೆಗಳ ವಿನ್ಯಾಸದಲ್ಲಿ ನನಗೆ ಬಹಳ ಬೇಸರ ತರುವುದು ಇದೇ. ಅಲಗಿನ ಬಣ್ಣ, ಹಿಡಿಯ ರಬ್ಬರ್ ಎಲ್ಲಕ್ಕೂ ತಲೆ ಓಡಿಸಿರುತ್ತಾರೆ, ಕತ್ತಿಗೆ ಮಾತ್ರ ಎರಡು ಸ್ಕ್ರೂ.

ಇನ್ನು ಸರಿಮಾಡುವುದು. ಬಿರುಕು ಚಿಕ್ಕದಿದ್ದರೆ ಅದು ಎಲ್ಲಿ ಮುಗಿಯುತ್ತದೋ ಆ ತುದಿಯಲ್ಲಿ 3 ಮಿ.ಮೀ. ತೂತು ಕೊರೆಯಿರಿ. ಚೂಪು ತುದಿ ದುಂಡಗಾದರೆ ಬಿರುಕು ಮುಂದಕ್ಕೆ ಓಡುವುದು ಸುಮಾರಾಗಿ ನಿಲ್ಲುತ್ತದೆ. ಎಪಾಕ್ಸಿ ಅಂಟು ಹಚ್ಚಿ ಸಮಯ ಹಾಳು ಮಾಡಬೇಡಿ. ಪಾಲಿಪ್ರೊಪಿಲೀನ್‌ಗಾಗಲೀ ಎಚ್‌ಡಿಪಿಇಗಾಗಲೀ ಅದು ಸರಿಯಾಗಿ ಅಂಟುವುದೇ ಇಲ್ಲ. ಒಣಗಿದ ಮೇಲೆ ಉಗುರಿನಿಂದ ಕೆರೆದರೆ ಪದರವಾಗಿ ಎದ್ದು ಬರುತ್ತದೆ.

ಸ್ಕ್ರೂ ತೆಗೆದು ಬಿಸಾಡಿ. ಅದೇ ಜಾಗದಲ್ಲಿ ಕಾವಿನ ಆಚೆಗೂ ಈಚೆಗೂ ಹಾಯುವ 6 ಮಿ.ಮೀ. ಬೋಲ್ಟ್ ಹಾಕಿ. ಎರಡೂ ಕಡೆ ಅಗಲದ ವಾಷರ್. ನಟ್ ಒಳಗೆ ನೈಲಾನ್ ಬಳೆ ಇರುವಂಥದ್ದು ತನ್ನಿ, ಅದು ಅದುರಿಕೆಗೆ ಬಿಚ್ಚಿಕೊಳ್ಳುವುದಿಲ್ಲ. ಬಿರುಕು ಬಿಟ್ಟ ಕಡೆ ಅಲಗಿನ ಮುಂದೆ ಹಿಂದೆ ಎರಡು ಅಲ್ಯೂಮಿನಿಯಂ ಪಟ್ಟಿ ಇಟ್ಟು, ನಡುವೆ ಪ್ಲಾಸ್ಟಿಕ್ ಸಿಕ್ಕಿಸಿ ಬೋಲ್ಟ್ ಬಿಗಿಸಿ. ಬಲ ಈಗ ಒಂದು ತೂತಿನ ಸುತ್ತ ಅಲ್ಲ, ಇಡೀ ಪಟ್ಟಿಯಗಲಕ್ಕೆ ಹರಡುತ್ತದೆ.

ಆದರೆ ನಿಜವಾದ ಸುಧಾರಣೆ ಕೊಳವೆ ಉದ್ದ ಮಾಡುವುದು. ನಾನು ಕಾವಿಗೆ ಬಿಗಿಯಾಗಿ ಕೂರುವ 25 ಸೆಂ.ಮೀ. ಅಲ್ಯೂಮಿನಿಯಂ ಪೈಪ್ ತಂದೆ. ಪೈಪಿನ ಅರ್ಧ ಕಾವಿನ ಮೇಲೆ, ಇನ್ನರ್ಧ ಅಲಗಿನ ಬೆನ್ನಿನುದ್ದಕ್ಕೆ. ಅಲಗಿನ ಕಡೆಯ ಭಾಗವನ್ನು ಉದ್ದಕ್ಕೆ ಸೀಳಿ, ಸುತ್ತಿಗೆಯಿಂದ ಅಗಲಿಸಿ, ಬೆನ್ನಿನ ಉಬ್ಬಿಗೆ ಹೊಂದುವಂತೆ ಬಡಿದೆ. ನಾಲ್ಕು ಬೋಲ್ಟ್. ಕೆಲಸ ಒಂದು ಮಧ್ಯಾಹ್ನದ್ದು. ಹಿಡಿತದ ಉದ್ದ ಹೆಚ್ಚಾದ್ದರಿಂದ ಪ್ರತಿ ಬೋಲ್ಟ್ ಮೇಲಿನ ಎಳೆತ ಕಡಿಮೆಯಾಯಿತು. ಆ ಸಲಿಕೆ ಇವತ್ತಿಗೂ ಗಟ್ಟಿಯಾಗಿದೆ.

ಇಷ್ಟು ಮಾಡಿದ ಮೇಲೂ ಅದರಿಂದ ಮೀಟಬೇಡಿ. ದಿಬ್ಬ ಒಡೆಯಲು ಉಕ್ಕಿನ ಐಸ್ ಚಾಪರ್ ಬೇರೆ ಇಟ್ಟುಕೊಳ್ಳಿ. ಅದರಿಂದ ಕಡಿದು ತುಂಡು ಮಾಡಿ, ಆ ತುಂಡುಗಳನ್ನು ಸಲಿಕೆಯಿಂದ ಎತ್ತಿ.

ದೂರು: ಹಿಮ ಅಲಗಿಗೆ ಅಂಟಿಕೊಂಡು ಬೀಳುವುದೇ ಇಲ್ಲ

ಬೀಸಿ ಎಸೆದರೂ ಅರ್ಧ ಹಿಮ ಅಲಗಿನಲ್ಲೇ ಉಳಿಯುತ್ತದೆ. ಮುಂದಿನ ಸಲ ಆ ಅರ್ಧವನ್ನೂ ಸುಮ್ನೆ ಎತ್ತಬೇಕು. ಸಿಟ್ಟಿನಲ್ಲಿ ಸಲಿಕೆಯನ್ನು ನೆಲಕ್ಕೆ ಬಡಿಯುತ್ತೇವೆ. ಮೇಲೆ ಹೇಳಿದ ಕತ್ತಿನ ಬಿರುಕು ಎಷ್ಟೋ ಸಲ ಈ ಬಡಿತದಿಂದಲೇ ಶುರುವಾಗುತ್ತದೆ.

ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಸಲಿಕೆ ರಾತ್ರಿ ಎಲ್ಲಿತ್ತು? ಬೆಚ್ಚಗಿನ ಗ್ಯಾರೇಜ್‌ನಿಂದ ನೇರ ಹೊರಗೆ ತಂದರೆ ಮೊದಲ ಹಿಮ ಅಲಗಿನ ಮೇಲೆ ಕರಗಿ ನೀರಾಗುತ್ತದೆ. ಹೊರಗಿನ ಚಳಿಗೆ ಆ ನೀರು ಹೆಪ್ಪುಗಟ್ಟಿ ಒರಟು ಐಸ್ ಪದರವಾಗುತ್ತದೆ. ಮುಂದಿನದೆಲ್ಲ ಅದಕ್ಕೆ ಕಚ್ಚಿಕೊಳ್ಳುತ್ತದೆ. ಮದ್ದು: ಕೆಲಸಕ್ಕೆ ಅರ್ಧ ಗಂಟೆ ಮುಂಚೆ ಸಲಿಕೆಯನ್ನು ಹೊರಗೆ, ಹಿಮ ಬೀಳದ ಜಾಗದಲ್ಲಿ ಇಡಿ.

ತಣ್ಣಗಿದ್ದ ಸಲಿಕೆಗೂ ಅಂಟುತ್ತಿದ್ದರೆ ಹಿಮ ಹಸಿಯಾಗಿದೆ, ಅಲಗು ಗೀರಿದೆ. ಬೆರಳ ತುದಿ ಆಡಿಸಿ ನೋಡಿ, ಗೀರು ಕೈಗೆ ಸಿಗುತ್ತದೆ. ದೋಸೆ ಕಾವಲಿ ಗೀರಿದರೆ ಹಿಟ್ಟು ಕಚ್ಚುತ್ತದಲ್ಲ, ಹಾಗೇ. ಕಾವಲಿಯನ್ನು ಪಳಗಿಸಿದಂತೆ ಅಲಗನ್ನೂ ಪಳಗಿಸಬೇಕು. ಸಲಿಕೆಯನ್ನು ಒಳಗೆ ತಂದು ಪೂರ್ತಿ ಒಣಗಿಸಿ. ಏಳುವ ಎಳೆಗಳನ್ನು ನಯವಾದ ಉಪ್ಪುಕಾಗದದಿಂದ ತೆಗೆಯಿರಿ. ಮೇಣದ ಬತ್ತಿಯನ್ನು ಅಲಗಿನ ತುಂಬ ಉಜ್ಜಿ. ಕೂದಲು ಒಣಗಿಸುವ ಡ್ರೈಯರ್‌ನಿಂದ ಮೆಲ್ಲಗೆ ಬಿಸಿ ಮಾಡಿದರೆ ಮೇಣ ಕರಗಿ ಗೀರುಗಳೊಳಗೆ ಇಳಿಯುತ್ತದೆ. ಹಳೇ ಬಟ್ಟೆಯಿಂದ ಒರೆಸಿ. ಸ್ಕೀ ಹಲಗೆಗೆ ಹಚ್ಚುವ ಮೇಣ ಸಿಕ್ಕಿದರೆ ಇನ್ನೂ ಹೆಚ್ಚು ಬಾಳುತ್ತದೆ. ಅಡುಗೆ ಎಣ್ಣೆ ಸ್ಪ್ರೇ ಮಾಡುವವರೂ ಇದ್ದಾರೆ. ಅವಸರಕ್ಕೆ ಪರವಾಗಿಲ್ಲ, ಆದರೆ ಬೇಗ ಬಿಟ್ಟುಹೋಗುತ್ತದೆ, ಮೆಟ್ಟಿಲ ಮೇಲೆ ಬಿದ್ದರೆ ಜಾರುತ್ತದೆ.

ದೂರು: ಅಂಚು ಕಲ್ಲಿನ ಸಂದಿಗೆ ಸಿಕ್ಕಿಕೊಳ್ಳುತ್ತದೆ

ಜೋರಾಗಿ ತಳ್ಳಿಕೊಂಡು ಹೋಗುವಾಗ ಅಲಗು ತಟ್ಟನೆ ನಿಲ್ಲುತ್ತದೆ, ಹಿಡಿ ಹೊಟ್ಟೆಗೆ ಗುದ್ದುತ್ತದೆ. ಇಲ್ಲಿ ನೆಲದೊಳಗಿನ ನೀರು ಹೆಪ್ಪುಗಟ್ಟಿ ಕಾಲುದಾರಿಯ ಚಪ್ಪಡಿಗಳನ್ನು ಮೇಲೆತ್ತುತ್ತದೆ. ಎರಡು ಚಪ್ಪಡಿಗಳ ನಡುವೆ ಮೆಟ್ಟಿಲಿನಂತೆ ಏರು ತಗ್ಗು ಉಳಿಯುತ್ತದೆ. ನೇರ ಅಂಚು ಅದಕ್ಕೆ ಉದ್ದಕ್ಕೂ ಒಮ್ಮೆಗೇ ತಾಗುತ್ತದೆ.

ಮೊದಲು ಓರೆಯಾಗಿ ತಳ್ಳಿ ನೋಡಿ. ಅಂಚು ಒಂದು ಮೂಲೆಯಿಂದ ಹತ್ತಿಕೊಂಡು ದಾಟುತ್ತದೆ. ಇನ್ನೂ ಸಿಕ್ಕಿಕೊಂಡರೆ ಅರದಿಂದ ಎರಡೂ ಮೂಲೆಗಳನ್ನು ದುಂಡಗೆ ಮಾಡಿ, ಅಂಚಿನ ತಳಭಾಗವನ್ನು ದೋಣಿಯ ಮೂತಿಯಂತೆ ಸ್ವಲ್ಪ ಮೇಲಕ್ಕೆ ತಿದ್ದಿ.

ಅಲ್ಯೂಮಿನಿಯಂ ಅಲಗಿಗೆ ಉಕ್ಕಿನ ಪಟ್ಟಿ ರಿವೆಟ್ ಹೊಡೆದಿದ್ದರೆ ಆ ರಿವೆಟ್‌ಗಳ ಸುತ್ತ ಬಿಳಿ ಪುಡಿ ಇದೆಯಾ ನೋಡಿ. ರಸ್ತೆಗೆ ಹಾಕುವ ಉಪ್ಪಿನ ನೀರು ಎರಡು ಲೋಹಗಳ ನಡುವೆ ಕೂತರೆ ಅದೊಂದು ಪುಟ್ಟ ಬ್ಯಾಟರಿ ಆಗುತ್ತದೆ. ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಒಂದು ದಿನ ಪಟ್ಟಿ ರಿವೆಟ್ ಸಮೇತ ಉದುರುತ್ತದೆ. ಕೆಲಸವಾದ ಮೇಲೆ ಉಪ್ಪು ತೊಳೆಯಿರಿ. ಹೊಸ ಪಟ್ಟಿ ಹಾಕುವಾಗ ನಡುವೆ ಪೇಂಟ್ ಅಥವಾ ಸೀಲಂಟ್ ಬಳಿದು ಎರಡು ಲೋಹ ನೇರ ಮುಟ್ಟದಂತೆ ಮಾಡಿ.

ಮರದ ಡೆಕ್ ಅಥವಾ ಕಲ್ಲುಹಾಸು ಇರುವವರಿಗೆ ಉಕ್ಕಿನ ಅಂಚು ಬೇಡವೇ ಬೇಡ. ನಾನು ಹಳೆಯ ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಮಣೆಯಿಂದ 5 ಸೆಂ.ಮೀ. ಅಗಲದ ಪಟ್ಟಿ ಕೊಯ್ದು ಅಂಚಿಗೆ ಬೋಲ್ಟ್ ಮಾಡಿದ್ದೇನೆ. ಅಂಥ ಮಣೆಗಳು ಹೆಚ್ಚಾಗಿ ಎಚ್‌ಡಿಪಿಇಯವೇ. ಸವೆದರೆ ತಿರುಗಿಸಿ ಹಾಕಬಹುದು. ಸವೆದ ಅಂಚನ್ನು ಬದಲಾಯಿಸಲು ಬರುವಂಥ ಸಲಿಕೆಯನ್ನೇ ಎಲ್ಲರೂ ಮಾಡಬೇಕಿತ್ತು ಅನಿಸುತ್ತದೆ.

ದೂರು: ಸಲಿಕೆ ಚೆನ್ನಾಗಿದೆ, ಸೊಂಟ ಹಿಡಿಯುತ್ತದೆ

ಇದನ್ನೂ ಸಲಿಕೆಯ ದೋಷವೆಂದೇ ಲೆಕ್ಕ ಹಿಡಿಯಿರಿ. ಅಲಗು ನೆಲ ಮುಟ್ಟಿರುವಾಗ ಯಾರಾದರೂ ಪಕ್ಕದಿಂದ ನಿಮ್ಮ ಫೋಟೋ ತೆಗೆಯಲಿ. ಬೆನ್ನು ಗದ್ದೆ ನಾಟಿ ಮಾಡುವವರಂತೆ ಬಗ್ಗಿದ್ದರೆ ಕಾವು ಗಿಡ್ಡವಾಯಿತು. ನಡುವೆ ಬಾಗಿದ ಕಾವು ಇರುವ ಸಲಿಕೆಗಳು ಈ ಬಗ್ಗುವುದನ್ನು ಕಡಿಮೆ ಮಾಡುತ್ತವೆ.

ಕೆಳಗಿನ ಕೈ ಎಲ್ಲಿದೆ ಅನ್ನುವುದೂ ಮುಖ್ಯ. ಅಲಗಿನ ಮೇಲೆ 6 ಕಿಲೋ ಇದೆ, ಆ ಭಾರದಿಂದ ಕೆಳಗಿನ ಕೈ 60 ಸೆಂ.ಮೀ. ದೂರ, ಎರಡು ಕೈಗಳ ನಡುವೆ 40 ಸೆಂ.ಮೀ. ಅನ್ನಿ. ಆಗ ಮೇಲಿನ ಕೈ 9 ಕಿಲೋ ಒತ್ತಬೇಕು, ಕೆಳಗಿನ ಕೈ 15 ಕಿಲೋ ಎತ್ತಬೇಕು. ಕೆಳಗಿನ ಕೈಯನ್ನು 20 ಸೆಂ.ಮೀ. ಮುಂದೆ ಸರಿಸಿ: ಮೇಲಿನದಕ್ಕೆ 4, ಕೆಳಗಿನದಕ್ಕೆ 10. ಆದರೆ ಕೈ ಮುಂದೆ ಸರಿಸಿದರೆ ಬೆನ್ನು ಇನ್ನೂ ಬಗ್ಗುತ್ತದೆ. ಅದಕ್ಕೇ ಕಾವಿನ ಮೇಲೆ ನಿಲ್ಲುವ ಎರಡನೇ ಹಿಡಿ. ಈಗ ಅದು ಬಿಡಿಯಾಗಿಯೂ ಸಿಗುತ್ತದೆ, ಯಾವ ಸಲಿಕೆಗೆ ಬೇಕಾದರೂ ಬಿಗಿಸಬಹುದು. ದಪ್ಪ ಗ್ಲೌಸ್ ಹಾಕಿಕೊಂಡು ನಾಲ್ಕೂ ಬೆರಳು ಒಳಗೆ ಹೋಗುತ್ತವೆಯಾ ಅಂತ ಅಂಗಡಿಯಲ್ಲೇ ನೋಡಿ. ಹಸಿ ಹಿಮದ ದಿನ ಅಗಲದ ಅಲಗು ಮುಟ್ಟಬೇಡಿ. ಹೆಗಲ ಮೇಲಿಂದ ತಿರುಚಿ ಎಸೆಯಬೇಡಿ, ಕಾಲು ತಿರುಗಿಸಿ.

ಎದೆ ಬಿಗಿಯುವುದು, ಎಡಗೈ ಅಥವಾ ದವಡೆ ನೋಯುವುದು, ಉಸಿರು ಕಟ್ಟುವುದು ಇವು ಸೊಂಟ ನೋವಿನ ಪಟ್ಟಿಗೆ ಸೇರುವುದಿಲ್ಲ. ಚಳಿಗೆ ರಕ್ತನಾಳ ಕುಗ್ಗಿರುತ್ತದೆ, ಮೇಲಿಂದ ಈ ದುಡಿಮೆ. ಅಲ್ಲೇ ನಿಲ್ಲಿಸಿ ಇಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ. ಊರಿನಿಂದ ಬಂದಿರುವ ಅಪ್ಪ, ಮಾವ ಸಹಾಯಕ್ಕೆಂದು ಸಲಿಕೆ ಎತ್ತಿಕೊಂಡರೆ ದಯವಿಟ್ಟು ವಾಪಸ್ ಇಸಿದುಕೊಳ್ಳಿ.

ಎತ್ತದೆಯೇ ಸಾಗಿಸುವ ದಾರಿ

ಇಷ್ಟೆಲ್ಲ ರಿಪೇರಿ ಮಾಡಿದ ಮೇಲೂ 600 ಸಲ ಎತ್ತುವುದು ಎತ್ತುವುದೇ. ಫಿನ್ಲೆಂಡ್‌ನಲ್ಲಿ ಲುಮಿಕೋಲಾ ಅಂತ ಒಂದಿದೆ. ದೊಡ್ಡ ಮೊರದಂಥ ತಗಡು, ಅದಕ್ಕೆ ಎರಡು ಕೈಯಿಂದ ಹಿಡಿಯುವ ಅಡ್ಡ ಪೈಪ್. ಹಿಮದೊಳಗೆ ತಳ್ಳಿ ತುಂಬಿಸಿ, ಹಿಡಿ ಸ್ವಲ್ಪ ಒತ್ತಿದರೆ ಮೊರ ಜಾರುಬಂಡಿಯಾಗುತ್ತದೆ. ಭಾರವನ್ನು ನೆಲವೇ ಹೊರುತ್ತದೆ. ಜಪಾನ್‌ನ ಹಿಮದ ಊರುಗಳಲ್ಲಿ ಇದೇ ಬಗೆಯದನ್ನು ಮಮಾಸನ್ ಡಂಪ್ ಅನ್ನುತ್ತಾರೆ. ಅಮೆರಿಕದಲ್ಲೇ ಮಿಷಿಗನ್‌ನ ಉತ್ತರದ ತುದಿಯಲ್ಲಿ ಯೂಪರ್ ಸ್ಕೂಪ್ ಅಂತ ಮನೆಮನೆಯಲ್ಲಿ ಕಾಣುತ್ತದೆ.

ತಳ್ಳಿಕೊಂಡು ಹೋಗಿ ಸುರಿಯಲು ಜಾಗ ಬೇಕು, ಅದೊಂದೇ ತೊಡಕು. ಮನೆ ಪಕ್ಕದಲ್ಲಿ ಹುಲ್ಲಿನ ಅಂಗಳ ಇದ್ದವರಿಗೆ ಅದೂ ಇಲ್ಲ. ಈಗ ನಮ್ಮ ಗ್ಯಾರೇಜ್‌ನಲ್ಲಿ ಮೂರು ನಿಂತಿವೆ: ತಳ್ಳಲು ಇಂಥ ಮೊರ, ಮೆಟ್ಟಿಲಿಗೆ 45 ಸೆಂ.ಮೀ. ಸಲಿಕೆ, ದಿಬ್ಬಕ್ಕೆ ಐಸ್ ಚಾಪರ್.

ಅಕ್ಟೋಬರ್ ಕೊನೆಯ ವಾರ ಮೂರನ್ನೂ ಹೊರಗೆ ತಂದು ಕತ್ತು ಅಲ್ಲಾಡಿಸಿ ನೋಡುತ್ತೇನೆ. ಮರದ ಕಾವಿಗೆ ಅಗಸೆ ಎಣ್ಣೆ ಒರೆಸುತ್ತೇನೆ. ಎಣ್ಣೆ ಹತ್ತಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಡಬೇಡಿ, ತಾನಾಗೇ ಹೊತ್ತಿಕೊಳ್ಳಬಹುದು, ಹೊರಗೆ ಬಿಡಿಸಿ ಒಣಹಾಕಿ. ಹೊಸ ಬೋಲ್ಟ್ ಹಾಕಿದ್ದರೆ ಮೊದಲ ಹಿಮ ತೆಗೆದ ಮೇಲೆ ಇನ್ನೊಮ್ಮೆ ಬಿಗಿಸಿ. ಮರ ಒಣಗಿ ಕುಗ್ಗಿದಾಗ ಅರ್ಧ ಸುತ್ತು ಸಡಿಲವಾಗಿರುತ್ತದೆ.